ಗಡ್ಡೆಗೆ ಗಂಡು ಹೆಣ್ಣೆಂಬ ಭೇದವುಂಟೆ?



ನಮ್ಮ ಹೊಟ್ಟೆಯಲ್ಲಿ, ಜಠರದ ಹಿಂಭಾಗದಲ್ಲಿ ಅಡ್ಡಲಾಗಿ ಮಲಗಿರುವ ಒಂದು ಗ್ರಂಥಿಯಿದೆ. ಮೇದೋಜೀರಕ ಗ್ರಂಥಿ ಎಂದು ಅದರ ಹೆಸರು. ಜೀವಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಅದರ ಚಿತ್ರ ಬರೆದು ಭಾಗಗಳನ್ನು ನೀವು ಗುರುತಿಸಿಯೇ ಇರುತ್ತೀರಿ. ಉದ್ದ ಸುಮಾರು 15 ಸೆಂಟಿಮೀಟರ್, ತೂಕ ಸುಮಾರು 80ರಿಂದ 100 ಗ್ರಾಂ. ಇಷ್ಟು ಸಣ್ಣ ಗ್ರಂಥಿ ಎರಡು ಬೇರೆ ಬೇರೆ ಕಸುಬುಗಳನ್ನು ಮಾಡುತ್ತದೆ. ಊಟವನ್ನು ಜೀರ್ಣಿಸುವ ರಸವನ್ನು ಕರುಳಿಗೆ ಸುರಿಯುವುದು ಒಂದು. ಇನ್ಸುಲಿನ್ ಮೊದಲಾದ ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಬಿಡುವುದು ಇನ್ನೊಂದು. ಈ ಎರಡನೆಯ ಕೆಲಸ ಮಾಡುವ ಜೀವಕೋಶಗಳು ಗ್ರಂಥಿಯೊಳಗೆ ಪುಟ್ಟ ಪುಟ್ಟ ನಡುಗಡ್ಡೆಗಳಂತೆ ಹರಡಿಕೊಂಡಿವೆ. 1869ರಲ್ಲಿ ಬರ್ಲಿನ್ನಿನಲ್ಲಿ ಇವನ್ನು ಮೊದಲು ಕಂಡು ವರ್ಣಿಸಿದ ಪಾಲ್ ಲ್ಯಾಂಗರ್‌ಹಾನ್ಸ್ ಆಗಿನ್ನೂ ವಿದ್ಯಾರ್ಥಿ. ಅವು ಏನು ಮಾಡುತ್ತವೆಂದು ಆತನಿಗೆ ತಿಳಿದಿರಲಿಲ್ಲ. ಆದರೂ ಕಂಡದ್ದನ್ನು ಕಂಡಂತೆ ಬರೆದಿಟ್ಟ. ಇಂದಿಗೂ ಅವು ಆತನ ಹೆಸರಿನಲ್ಲಿಯೇ ಇವೆ.

ಈ ಕಿರುದ್ವೀಪಗಳ ಜಾತಿಯ ಜೀವಕೋಶಗಳು ಹತೋಟಿ ತಪ್ಪಿ ಬೆಳೆದಾಗ ಉಂಟಾಗುವ ಗಡ್ಡೆಗಳಿಗೆ ನ್ಯೂರೋಎಂಡೋಕ್ರೈನ್ ಗಡ್ಡೆಗಳು ಎನ್ನುತ್ತಾರೆ. ನರಕೋಶಗಳ ಕೆಲವು ಗುಣಗಳೂ ಹಾರ್ಮೋನು ಗ್ರಂಥಿಯ ಗುಣಗಳೂ ಇವುಗಳಲ್ಲಿ ಸೇರಿರುವುದರಿಂದ ಈ ಉದ್ದನೆಯ ಹೆಸರು. ಸಾಮಾನ್ಯವಾಗಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂದು ಕೇಳಿ ನಾವು ಹೆದರುತ್ತೇವಲ್ಲ, ಅದು ಜೀರ್ಣರಸದ ನಾಳಗಳ ಕಡೆಯಿಂದ ಹುಟ್ಟುವಂಥದು, ಬಹಳ ವೇಗದ್ದು. ನ್ಯೂರೋಎಂಡೋಕ್ರೈನ್ ಗಡ್ಡೆಗಳು ಅಪರೂಪ. ಅವುಗಳಲ್ಲಿ ಹೆಚ್ಚಿನವು ನಿಧಾನ. ಪತ್ರಿಕೆಗಳು ಇವೆರಡನ್ನೂ ಒಂದೇ ಬುಟ್ಟಿಗೆ ಹಾಕುವುದುಂಟು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರಿಗೆ 2003ರಲ್ಲಿ ಪತ್ತೆಯಾದದ್ದು ಈ ನಿಧಾನ ಜಾತಿಯ ಗಡ್ಡೆ. ಅವರು ತೀರಿಕೊಂಡದ್ದು 2011ರಲ್ಲಿ. ನಟ ಇರ್ಫಾನ್ ಖಾನ್ 2018ರಲ್ಲಿ ತಮಗೆ ನ್ಯೂರೋಎಂಡೋಕ್ರೈನ್ ಗಡ್ಡೆಯಿದೆ ಎಂದು ತಾವೇ ಪ್ರಕಟಿಸಿದಾಗ ನಮ್ಮ ದೇಶದ ಬಹುಮಂದಿ ಆ ಪದವನ್ನು ಮೊದಲ ಬಾರಿಗೆ ಕೇಳಿದರು. ಅದೇ ವರ್ಷ ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಮೇದೋಜೀರಕದ ಇದೇ ಬಗೆಯ ಗಡ್ಡೆಯಿಂದ ತೀರಿಕೊಂಡರು. ಆದರೆ ನಮ್ಮಲ್ಲಿ ಜನರ ಬಾಯಲ್ಲಿ ಉಳಿದದ್ದು ಇಬ್ಬರು ಗಂಡಸರ ಹೆಸರುಗಳೇ.

ಹಾಗಾಗಿಯೋ ಏನೋ, ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯ ಅತ್ತಿಗುಂಡಿಯಲ್ಲಿ, ಆರೋಗ್ಯ ಕಾರ್ಯಕ್ರಮಕ್ಕಾಗಿ ಜನರ ಪ್ರಶ್ನೆಗಳನ್ನು ಚಿತ್ರೀಕರಿಸುತ್ತಿದ್ದಾಗ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಇದು ಗಂಡಸರಿಗೆ ಬರೋ ಕಾಯಿಲೆನಾ?" ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಅಜ್ಜಿ ಅದಕ್ಕೆ ಸೇರಿಸಿದರು: "ಯಾರಿಗ್ ಬಂದ್ರೂ ನಮಗೆ ಗೊತ್ತಾಗೋದು ಹೆಂಗಪ್ಪ?" ಮೊದಲನೆಯದು ವಿಜ್ಞಾನದ ಪ್ರಶ್ನೆ. ಎರಡನೆಯದೂ ವಿಜ್ಞಾನದ್ದೇ, ನನ್ನ ಅಭಿಪ್ರಾಯದಲ್ಲಿ ಇನ್ನೂ ದೊಡ್ಡದು. ಆದ್ದರಿಂದ ಅಜ್ಜಿಯ ಪ್ರಶ್ನೆಯಿಂದಲೇ ಹೊರಡೋಣ.

ಈ ಗಡ್ಡೆಗಳಲ್ಲಿ ಹಾರ್ಮೋನು ಸುರಿಸಿ ತೊಂದರೆ ಕೊಡುವವೂ ಇವೆ, ಸದ್ದಿಲ್ಲದೆ ಬೆಳೆಯುವವೂ ಇವೆ. ಸದ್ದು ಮಾಡುವವುಗಳಲ್ಲಿ ಹೆಚ್ಚು ಕಾಣುವುದು ಇನ್ಸುಲಿನೋಮಾ. ಹೆಸರೇ ಹೇಳುವಂತೆ ಇದು ಇನ್ಸುಲಿನ್ನಿನ ಗಡ್ಡೆ. ಸಾಮಾನ್ಯವಾಗಿ ಎರಡು ಸೆಂಟಿಮೀಟರಿಗಿಂತ ಚಿಕ್ಕದು, ಅಂದರೆ ಒಂದು ಕಾಫಿ ಹಣ್ಣಿನ ಗಾತ್ರ ಎಂದುಕೊಳ್ಳಿ. ಹತ್ತರಲ್ಲಿ ಒಂಬತ್ತು ಬೇರೆಡೆಗೆ ಹರಡುವುದೂ ಇಲ್ಲ. ತೊಂದರೆ ಏನೆಂದರೆ, ಆರೋಗ್ಯವಂತ ಕಿರುದ್ವೀಪ ರಕ್ತದಲ್ಲಿ ಸಕ್ಕರೆ ಇಳಿದೊಡನೆ ಇನ್ಸುಲಿನ್ ನಿಲ್ಲಿಸುತ್ತದೆ. ಈ ಗಡ್ಡೆ ನಿಲ್ಲಿಸುವುದಿಲ್ಲ. ರಾತ್ರಿ ಉಂಡು ಮಲಗಿದವರ ರಕ್ತದಲ್ಲಿ ಬೆಳಗಿನ ಹೊತ್ತಿಗೆ ಸಕ್ಕರೆ ಕುಸಿದಿರುತ್ತದೆ. ದೇಹದ ಶಕ್ತಿಯ ಸುಮಾರು ಐದನೇ ಒಂದು ಪಾಲನ್ನು ಬಳಸುವ ಮೆದುಳು ಆಗ ಹಸಿದು ಕಂಗೆಡುತ್ತದೆ. ಕಣ್ಣು ಮಂಜಾಗುತ್ತದೆ, ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ವ್ಯಕ್ತಿ ಗುರುತು ಸಿಗದಂತೆ ವರ್ತಿಸುತ್ತಾನೆ, ಕೆಲವೊಮ್ಮೆ ಸೆಟೆದುಕೊಂಡು ಬೀಳುತ್ತಾನೆ.

ಈಗ ಒಂದು ಕಾಫಿ ತೋಟವನ್ನು ಕಲ್ಪಿಸಿಕೊಳ್ಳಿ. ಕೊಯ್ಲಿನ ಕಾಲ, ಚಳಿ, ಬೆಳಗಿನ ಹೊತ್ತು. ಲೈನುಮನೆಯಿಂದ ಏನೂ ತಿನ್ನದೆ ಹೊರಟ ಹೆಂಗಸೊಬ್ಬಳು ಗಿಡಗಳ ನಡುವೆ ನಿಂತು ಏನೇನೋ ಮಾತನಾಡತೊಡಗಿದಳು, ಬಿದ್ದಳು. ಸುತ್ತಲಿನವರು ಏನೆನ್ನುತ್ತಾರೆ? ರಕ್ತ ಕಡಿಮೆ, ಗಾಳಿ ಸೋಕಿದೆ, ಮೈಮೇಲೆ ಬಂದಿದೆ, ಅತ್ತೆಯ ಮೇಲಿನ ಸಿಟ್ಟು. ಅದೇ ಹೊತ್ತಿಗೆ, ಅದೇ ತೋಟದಲ್ಲಿ, ಗಂಡಸೊಬ್ಬ ತೊದಲಿ ತೂರಾಡಿ ಬಿದ್ದರೆ? "ಬೆಳಗ್ಗೆಯೇ ಹಾಕಿಕೊಂಡು ಬಂದಿದ್ದಾನೆ." ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ, ಆ ಮಾತು ಮಾತ್ರ ನಿಷೇಧವಾಗಲಿಲ್ಲ. ಒಂದೇ ರೋಗ, ಒಂದೇ ಲಕ್ಷಣ. ಬಿದ್ದವರು ಹೆಣ್ಣೋ ಗಂಡೋ ಎಂಬುದರ ಮೇಲೆ ನಾವು ಅಂಟಿಸುವ ಚೀಟಿ ಬೇರೆ. ಈ ವ್ಯತ್ಯಾಸ ಗಡ್ಡೆಯೊಳಗೆ ಇಲ್ಲ, ನೋಡುವ ಕಣ್ಣಿನಲ್ಲಿದೆ. ಹಸಿವಾದಾಗಲೆಲ್ಲ ತಿಂದರೆ ಸುಖವೆನಿಸುವುದರಿಂದ ಕೆಲವರು ದಪ್ಪಗಾಗುತ್ತಾರೆ. ಮೈ ತುಂಬಿಕೊಂಡವರನ್ನು ರೋಗಿ ಎಂದು ಯಾರು ನಂಬುತ್ತಾರೆ? ಹೀಗೆ ವರ್ಷಗಟ್ಟಲೆ ಮೂರ್ಛೆರೋಗದ ಅಥವಾ ಮಾನಸಿಕ ರೋಗದ ಮಾತ್ರೆ ನುಂಗಿದವರ ವಿವರಗಳು ಎಲ್ಲ ದೇಶಗಳ ವೈದ್ಯಕೀಯ ಬರಹಗಳಲ್ಲಿಯೂ ಸಿಗುತ್ತವೆ.

ಮಲೆನಾಡಿನಲ್ಲಿ ಇಂಥ ಹೊತ್ತಿನಲ್ಲಿ ಮೊದಲು ಬರುವ ಔಷಧ ಬೆಲ್ಲದ ಕಾಫಿ. ಕುಡಿದ ಸ್ವಲ್ಪ ಹೊತ್ತಿಗೆ ಅವರು ಎದ್ದು ಕುಳಿತು, "ನನಗೇನಾಗಿತ್ತು?" ಎನ್ನುತ್ತಾರೆ. ಹೊಗಳಿಕೆ ಕಾಫಿಗೆ ಸಲ್ಲುತ್ತದೆ. ಕಾಫಿ ನಾಡಿನವರು ಕ್ಷಮಿಸಬೇಕು, ಕೆಲಸ ಮಾಡಿದ್ದು ಬೆಲ್ಲ! ಆದರೆ ಈ ಸಣ್ಣ ಘಟನೆಯಲ್ಲಿ ಒಂದು ದೊಡ್ಡ ಸುಳಿವು ಅಡಗಿದೆ. ನ್ಯೂಯಾರ್ಕಿನ ಶಸ್ತ್ರವೈದ್ಯ ಅಲೆನ್ ವಿಪಲ್ 1930ರ ದಶಕದಲ್ಲಿ ಹೇಳಿದ ಮೂರು ಮಾತುಗಳು ಇಂದಿಗೂ ವೈದ್ಯರಿಗೆ ದಾರಿದೀಪ. ಹಸಿದಾಗ ಈ ಲಕ್ಷಣಗಳು ಬರಬೇಕು. ಆಗಲೇ ರಕ್ತ ತೆಗೆದು ನೋಡಿದರೆ ಸಕ್ಕರೆ ತೀರ ಕಡಿಮೆ ಇರಬೇಕು. ಸಕ್ಕರೆ ಕೊಟ್ಟೊಡನೆ ಲಕ್ಷಣ ಮಾಯವಾಗಬೇಕು. ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಒಂದನೆಯದನ್ನೂ ಮೂರನೆಯದನ್ನೂ ಮನೆಯವರೇ ಗಮನಿಸಬಹುದು. ಯಾವ ಹೊತ್ತಿಗೆ ಬಿದ್ದರು, ಊಟವಾಗಿ ಎಷ್ಟು ಗಂಟೆಯಾಗಿತ್ತು, ಏನು ಕೊಟ್ಟಾಗ ಎದ್ದರು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೆ ಅದು ಬೆಲೆ ಕಟ್ಟಲಾಗದ ವಿವರ.

ಒಂದು ಎಚ್ಚರಿಕೆ. ಪೂರ್ತಿ ಪ್ರಜ್ಞೆ ತಪ್ಪಿದವರ ಬಾಯಿಗೆ ಕಾಫಿಯನ್ನಾಗಲಿ ನೀರನ್ನಾಗಲಿ ಹೊಯ್ಯಬೇಡಿ; ಅದು ಶ್ವಾಸನಾಳಕ್ಕೆ ಇಳಿಯಬಹುದು. ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಆಸ್ಪತ್ರೆಗೆ ಒಯ್ಯಿರಿ. ಇನ್ನೊಂದು ಮಾತು: ತಲೆಸುತ್ತಿ ಬೀಳುವವರಲ್ಲಿ ಬಹುಪಾಲು ಜನರಿಗೆ ಈ ಗಡ್ಡೆ ಇರುವುದಿಲ್ಲ. ರಕ್ತಹೀನತೆಯಿರಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಊಟ ಬಿಟ್ಟಿರಬಹುದು. ರಕ್ತದ ಸಕ್ಕರೆ ಕುಸಿಯಲು ಅತಿ ಸಾಮಾನ್ಯ ಕಾರಣ ಅದೇ.

ಇನ್ನು ಹುಡುಗಿಯ ಪ್ರಶ್ನೆ. ಅಮೆರಿಕದ ರೋಚೆಸ್ಟರ್ ನಗರದ ಮೇಯೊ ಕ್ಲಿನಿಕ್‌ಗೂ ಈ ಗಡ್ಡೆಗೂ ಹಳೆಯ ನಂಟು. ಗಡ್ಡೆಯಿಂದ ಸಕ್ಕರೆ ಕುಸಿಯುತ್ತದೆಂದು 1927ರಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಮೊದಲು ತೋರಿಸಿಕೊಟ್ಟದ್ದು ಅಲ್ಲಿಯೇ. ಗಡ್ಡೆ ತೆಗೆದು ರೋಗಿಯನ್ನು ಗುಣಪಡಿಸಿದ ಕೀರ್ತಿ 1929ರಲ್ಲಿ ಟೊರಾಂಟೋದ ರಾಸ್ಕೊ ಗ್ರಹಾಂ ಅವರದಾಯಿತು. 1987ರಿಂದ 2007ರವರೆಗೆ ಮೇಯೊದಲ್ಲಿ 237 ಇನ್ಸುಲಿನೋಮಾ ರೋಗಿಗಳನ್ನು ಪರಿಶೀಲಿಸಿದಾಗ ಅವರಲ್ಲಿ 135 ಮಂದಿ, ಅಂದರೆ ಶೇಕಡ 57ರಷ್ಟು, ಮಹಿಳೆಯರು. ಅಂತೂ ಇದು ಗಂಡಸರ ರೋಗವಲ್ಲ. ಹೆಂಗಸರಲ್ಲಿಯೇ ತುಸು ಹೆಚ್ಚು. ಅದೇ ಅಧ್ಯಯನದಲ್ಲಿ ನನ್ನ ಗಮನ ಸೆಳೆದದ್ದು ಬೇರೆ ವಿಷಯ. ನಾಲ್ವರಲ್ಲಿ ಸುಮಾರು ಮೂವರಿಗೆ ಲಕ್ಷಣಗಳು ಬರುತ್ತಿದ್ದುದು ಹಸಿದಾಗ ಮಾತ್ರ. ಆದರೆ ನೂರಕ್ಕೆ ಆರು ಮಂದಿಗೆ ಊಟವಾದ ಮೇಲೆ ಮಾತ್ರ ಬರುತ್ತಿತ್ತು. ಆ ಸಣ್ಣ ಗುಂಪಿನಲ್ಲಿ ಗಂಡಸರದೇ ಮೇಲುಗೈ. ಉಂಡ ಮೇಲೆ ಬೆವರಿ ತೊದಲುವ ಗಂಡಸಿಗೆ ಗಡ್ಡೆಯಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ, ಅಲ್ಲವೇ?

ಇನ್ನೂ ಕುತೂಹಲದ ಸಂಗತಿಯೊಂದಿದೆ. ಇನ್ಸುಲಿನೋಮಾ ಖಚಿತಪಡಿಸಲು ರೋಗಿಯನ್ನು ಆಸ್ಪತ್ರೆಯಲ್ಲಿರಿಸಿ, ನೀರು ಬಿಟ್ಟು ಬೇರೇನೂ ಕೊಡದೆ, ಹೆಚ್ಚೆಂದರೆ 72 ಗಂಟೆಗಳ ಕಾಲ ಉಪವಾಸವಿರಿಸಿ ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತಾರೆ. ಲಕ್ಷಣಗಳ ಜೊತೆಗೆ ಸಕ್ಕರೆ 55 ಮಿಲಿಗ್ರಾಂಗಿಂತ ಕೆಳಗಿಳಿದು, ಆಗಲೂ ಇನ್ಸುಲಿನ್ ಹರಿಯುತ್ತಲೇ ಇದ್ದರೆ ಗಡ್ಡೆಯ ಅನುಮಾನ ಬಲವಾಗುತ್ತದೆ. ಆದರೆ 1974ರಲ್ಲಿ ಮೆರಿಮಿ ಮತ್ತು ಟೈಸನ್ ಎಂಬಿಬ್ಬರು ಯಾವ ರೋಗವೂ ಇಲ್ಲದ ಗಂಡಸರನ್ನೂ ಹೆಂಗಸರನ್ನೂ ಹೀಗೆಯೇ ಉಪವಾಸವಿರಿಸಿ ನೋಡಿದರು. ಗಂಡಸರ ಸಕ್ಕರೆ ಸ್ವಲ್ಪ ಇಳಿದು ಒಂದು ಮಟ್ಟದಲ್ಲಿ ನಿಂತಿತು. ಯುವತಿಯರ ಸಕ್ಕರೆ ಅದಕ್ಕಿಂತ ಕೆಳಗೆ ಹೋಯಿತು. ಕೆಲವರಲ್ಲಿ 40ರ ಆಸುಪಾಸಿಗೆ. ಆದರೂ ಅವರು ಆರಾಮವಾಗಿಯೇ ಇದ್ದರು! ಏಕೆಂದರೆ ಅವರ ದೇಹ ಇನ್ಸುಲಿನ್ನನ್ನು ಸರಿಯಾಗಿ ತಗ್ಗಿಸಿತ್ತು, ಕೊಬ್ಬು ಕರಗಿ ಬಂದ ಕೀಟೋನ್‌ಗಳು ಮೆದುಳಿಗೆ ಬದಲಿ ಇಂಧನವಾಗಿದ್ದವು. ನಮ್ಮ ಮನೆಗಳಲ್ಲಿ ಸಂಕಷ್ಟಿ, ಏಕಾದಶಿ, ರಂಜಾನ್ ಎಂದು ಉಪವಾಸ ಹಿಡಿದೂ ಒಲೆಯ ಮುಂದೆ ನಿಂತು ಎಲ್ಲರಿಗೂ ಬೇಯಿಸಿ ಬಡಿಸುವವರನ್ನು ನೋಡಿದ್ದೀರಿ. ಅವರ ದೇಹದೊಳಗೆ ನಡೆಯುತ್ತಿರುವುದು ಈ ಹೊಂದಾಣಿಕೆಯೇ.

ಇದರ ಅರ್ಥವೇನು? ದೀರ್ಘ ಉಪವಾಸದಲ್ಲಿರುವ ಹೆಣ್ಣುಮಗಳ ಸಕ್ಕರೆ ಕಡಿಮೆ ಬಂದೊಡನೆ ಗಡ್ಡೆಯೆಂದು ಗಾಬರಿಯಾಗಬಾರದು. ಹಾಗೆಂದು, "ಹೆಂಗಸರಿಗೆ ಇದೆಲ್ಲ ಮಾಮೂಲು" ಎಂದು ತಳ್ಳಿಹಾಕಲೂ ಬಾರದು. ಗಡ್ಡೆಯಿದ್ದರೆ ಇನ್ಸುಲಿನ್ ಇಳಿಯುವುದಿಲ್ಲ, ಕೀಟೋನ್ ಏರುವುದಿಲ್ಲ, ಮೆದುಳು ಕಂಗೆಡುತ್ತದೆ. ಒಂದೇ ಅಂಕಿಯನ್ನು ಹಿಡಿದು ತೀರ್ಪು ಕೊಡದೆ ಮೂರನ್ನೂ ಸೇರಿಸಿ ನೋಡಬೇಕು. ಬೆರಳು ಚುಚ್ಚಿ ನೋಡುವ ಪುಟ್ಟ ಯಂತ್ರ ಇಷ್ಟು ಕೆಳಗಿನ ಮಟ್ಟದಲ್ಲಿ ಅಷ್ಟು ನಿಖರವಲ್ಲ. ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಸದ್ದಿಲ್ಲದ ಗಡ್ಡೆಗಳ ಕಥೆ ಬೇರೆ. ಅವು ಹಾರ್ಮೋನಿನ ಗದ್ದಲವೆಬ್ಬಿಸುವುದಿಲ್ಲ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗಲೋ, ದೊಡ್ಡದಾಗಿ ಒತ್ತಿದಾಗಲೋ ಕಾಣುತ್ತವೆ. ಇವು ಗಂಡಸರಲ್ಲಿ ತುಸು ಹೆಚ್ಚು. ಅಮೆರಿಕದ ನೋಂದಣಿಗಳಲ್ಲಿ ರೋಗ ಪತ್ತೆಯಾದ ಮೇಲೆ ಬದುಕುವ ಅವಧಿ ಮಹಿಳೆಯರಲ್ಲಿ ಸ್ವಲ್ಪ ಉತ್ತಮವಾಗಿ ಕಂಡಿದೆ. ಇವೆಲ್ಲ ಸಣ್ಣ ಅಂತರಗಳು. ನಿಜವಾಗಿಯೂ ದೊಡ್ಡ ಅಂತರ ಬೇಕೆಂದರೆ ಮೇದೋಜೀರಕದ ಇನ್ನೊಂದು ಗಡ್ಡೆಯನ್ನು ನೋಡಬೇಕು. 1959ರಲ್ಲಿ ವರ್ಜೀನಿಯಾ ಫ್ರಾಂಟ್ಜ್ ಎಂಬ ರೋಗವಿಜ್ಞಾನಿ ವರ್ಣಿಸಿದ ಆ ಗಡ್ಡೆ ಬರುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೆಣ್ಣುಮಕ್ಕಳು, ಅದರಲ್ಲೂ ಎಳೆ ವಯಸ್ಸಿನವರು. ಅದು ನ್ಯೂರೋಎಂಡೋಕ್ರೈನ್ ಜಾತಿಯದಲ್ಲ. ಸೂಕ್ಷ್ಮದರ್ಶಕದಡಿ ಎರಡೂ ಒಂದನ್ನೊಂದು ಹೋಲುವುದರಿಂದ ವಿಶೇಷ ಬಣ್ಣಗಳನ್ನು ಹಾಕಿ ಬೇರ್ಪಡಿಸುತ್ತಾರೆ.

ಏಕೆ ಈ ವ್ಯತ್ಯಾಸ? ಹಾರ್ಮೋನುಗಳ ಕಡೆಗೆ ಮೊದಲು ಕೈ ತೋರಿಸುವುದು ಸಹಜ. ಪ್ರೊಜೆಸ್ಟರಾನ್ ಎಂಬ ಹೆಣ್ಣು ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಕಿರುದ್ವೀಪಗಳಲ್ಲಿಯೂ ಈ ಗಡ್ಡೆಗಳಲ್ಲಿಯೂ ಕಂಡುಬಂದಿವೆ. ಆದರೆ ಗಂಡಸರ ಗಡ್ಡೆಗಳಲ್ಲಿಯೂ ಅವು ಇವೆ! ಇನ್ನೊಂದು ಸುಳಿವು ವರ್ಣತಂತುವಿನದು. 2011ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು ಮೇದೋಜೀರಕದ ನ್ಯೂರೋಎಂಡೋಕ್ರೈನ್ ಗಡ್ಡೆಗಳ ಜೀನ್‌ಗಳನ್ನು ಓದಿದಾಗ, ನೂರಕ್ಕೆ 44ರಲ್ಲಿ ಮೆನ್-1 ಎಂಬ ಜೀನೂ, 43ರಲ್ಲಿ ಡ್ಯಾಕ್ಸ್ ಅಥವಾ ಎಟಿಆರ್‌ಎಕ್ಸ್ ಎಂಬ ಜೀನೂ ಕೆಟ್ಟಿದ್ದವು. ಇವುಗಳಲ್ಲಿ ಎಟಿಆರ್‌ಎಕ್ಸ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಜಾಣ ವಿದ್ಯಾರ್ಥಿಗಳು ಇಲ್ಲಿ ಥಟ್ಟನೆ ಕೈ ಎತ್ತುತ್ತಾರೆ: "ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಒಂದು ಕೆಟ್ಟರೆ ಹೆಣ್ಣಿಗೆ ಇನ್ನೊಂದು ಇರುತ್ತದಲ್ಲ?" ಒಳ್ಳೆಯ ತರ್ಕ, ಆದರೆ ನಿಲ್ಲುವುದಿಲ್ಲ. ಹೆಣ್ಣಿನ ಪ್ರತಿ ಜೀವಕೋಶದಲ್ಲಿಯೂ ಎರಡು ಎಕ್ಸ್‌ಗಳಲ್ಲಿ ಒಂದು ಬೀಗ ಹಾಕಿಕೊಂಡಿರುತ್ತದೆ ಎಂದು 1961ರಲ್ಲಿ ಮೇರಿ ಲಯನ್ ಪ್ರತಿಪಾದಿಸಿದರು, ಅದು ನಿಜವೆಂದು ಸಿದ್ಧವಾಯಿತು. ಹಾಗಾಗಿ ಈ ಜೀನಿನ ಮಟ್ಟಿಗೆ ಇಬ್ಬರಿಗೂ ಕಾವಲುಗಾರ ಒಬ್ಬನೇ.

ಕೆಲವೊಮ್ಮೆ ವ್ಯತ್ಯಾಸ ಹುಟ್ಟುವುದು ಅಭ್ಯಾಸದಿಂದ. ಮೆನ್-1 ಜೀನಿನ ದೋಷ ವಂಶದಲ್ಲಿ ಹರಿದುಬಂದ ಕುಟುಂಬಗಳಲ್ಲಿ ಮೇದೋಜೀರಕದ ಗಡ್ಡೆಯ ಜೊತೆಗೆ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿಯೂ ಇದೇ ಜಾತಿಯ ಗಡ್ಡೆ ಬರುವುದುಂಟು. ಪಾಶ್ಚಾತ್ಯ ದೇಶಗಳಲ್ಲಿ ಅದು ಹೆಚ್ಚುಕಡಿಮೆ ಗಂಡಸರಿಗೇ, ಅದರಲ್ಲೂ ಧೂಮಪಾನಿಗಳಿಗೇ ಬಂದದ್ದರಿಂದ ಗಂಡಸರ ಗಡ್ಡೆಯೆಂದೇ ಹೆಸರಾಗಿತ್ತು. ಮುಂದೆ ಜಪಾನಿನ ವೈದ್ಯರು ತಮ್ಮ ರೋಗಿಗಳನ್ನು ಲೆಕ್ಕ ಹಾಕಿ, ಹೆಂಗಸರೂ ಅಪರೂಪವೇನಲ್ಲ ಎಂದು ತೋರಿಸಿದರು. ಗಂಡಸರ ಎದೆಯನ್ನು ಮಾತ್ರ ಸ್ಕ್ಯಾನ್ ಮಾಡುತ್ತಾ ಕುಳಿತಿದ್ದರೆ ಹೆಂಗಸರಲ್ಲಿ ಅದು ಕಾಣುವುದಾದರೂ ಹೇಗೆ?

ಎಣಿಕೆಯ ವಿಷಯ ಬಂದದ್ದರಿಂದ ನಮ್ಮ ರಾಜ್ಯದ ಮಾತು ಹೇಳಬೇಕು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿ ನಡೆದಿದೆ. ಗಂಡಸರು ಎಷ್ಟು, ಹೆಂಗಸರು ಎಷ್ಟು ಎಂದು ಪ್ರತ್ಯೇಕವಾಗಿ ಲೆಕ್ಕವಿಡುತ್ತಾರೆ. ಆದರೆ ಇಂಥ ನೋಂದಣಿಯ ದರಗಳಿಗೆ ಸೇರುವವರು ಆ ಪ್ರದೇಶದ ನಿವಾಸಿಗಳು ಮಾತ್ರ. ಅತ್ತಿಗುಂಡಿಯಿಂದ ಬಸ್ಸು ಹತ್ತಿ ಹೋಗಿ ಅಲ್ಲಿ ಚಿಕಿತ್ಸೆ ಪಡೆದವರು ಬೆಂಗಳೂರಿನ ದರದಲ್ಲಿ ಬರುವುದಿಲ್ಲ. ಮನೆಯಿಂದ ಹೊರಡದವರು ಯಾವ ಪಟ್ಟಿಯಲ್ಲಿಯೂ ಇಲ್ಲ. 2011ರ ಜನಗಣತಿಯಂತೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,37,961. ಸಾವಿರ ಗಂಡಸರಿಗೆ 1008 ಹೆಂಗಸರು. ಮೇಯೊ ಕ್ಲಿನಿಕ್ ತನ್ನ ಸುತ್ತಿನ ಜನರಲ್ಲಿ ಕಂಡ ದರ ವರ್ಷಕ್ಕೆ ಹತ್ತು ಲಕ್ಷಕ್ಕೆ ನಾಲ್ಕು ಇನ್ಸುಲಿನೋಮಾ. ಅದೇ ದರವನ್ನು ಇಲ್ಲಿಗೆ ಹಾಕಿ ಗುಣಿಸಿದರೆ ಇಡೀ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕೈದು ಮಂದಿ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಆಸ್ಪತ್ರೆಗೆ ಬಾರದ ಇಬ್ಬರು ಹೆಂಗಸರು ಸಾಕು, ಅನುಪಾತ ತಲೆಕೆಳಗಾಗುತ್ತದೆ. ಗಂಡು ಹೆಣ್ಣಿನ ಅನುಪಾತವನ್ನು ಎಲ್ಲಿಯೇ ಓದಿದರೂ, ಎಣಿಸಿದವರು ಎಲ್ಲಿ ಕುಳಿತು ಎಣಿಸಿದರು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಚಿಕಿತ್ಸೆಯಲ್ಲಿ ಗಂಡು ಹೆಣ್ಣಿನ ಭೇದವಿಲ್ಲ. ಬಾಯಿಯ ಮೂಲಕ ದುರ್ಬೀನು ಇಳಿಸಿ ಒಳಗಿನಿಂದಲೇ ಮಾಡುವ ಅಲ್ಟ್ರಾಸೌಂಡ್, ಸಿ.ಟಿ., ಎಂ.ಆರ್.ಐ.ಗಳಿಂದ ಗಡ್ಡೆಯ ಜಾಗ ಹುಡುಕುತ್ತಾರೆ. ಒಂಟಿ ಇನ್ಸುಲಿನೋಮಾವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಬಹುತೇಕ ರೋಗಿಗಳು ಪೂರ್ತಿ ಗುಣವಾಗುತ್ತಾರೆ. ಹರಡಿದ ನ್ಯೂರೋಎಂಡೋಕ್ರೈನ್ ಗಡ್ಡೆಗಳಿಗೆ ಲುಟೀಷಿಯಂ-177 ಎಂಬ ವಿಕಿರಣ ಧಾತುವನ್ನು ಗಡ್ಡೆಯ ಬಾಗಿಲು ತಟ್ಟುವ ಅಣುವಿಗೆ ಕಟ್ಟಿ ರಕ್ತಕ್ಕೆ ಬಿಡುವ ಚಿಕಿತ್ಸೆಯಿದೆ. ಆ ಧಾತುವನ್ನು ಮುಂಬಯಿಯ ಟ್ರಾಂಬೆಯ ರಿಯಾಕ್ಟರಿನಲ್ಲಿಯೂ ತಯಾರಿಸಿದ್ದಾರೆ.

ಕೊನೆಗೆ ಮೆನ್-1 ಕುಟುಂಬಗಳ ಬಗ್ಗೆ ಇನ್ನೆರಡು ಮಾತು. ಇನ್ಸುಲಿನೋಮಾ ಬಂದ ನೂರರಲ್ಲಿ ಐದರಿಂದ ಹತ್ತು ಮಂದಿಗೆ ಇದು ವಂಶದಿಂದ ಬಂದಿರುತ್ತದೆ. 1997ರಲ್ಲಿ ಪತ್ತೆಯಾದ ಈ ಜೀನು 11ನೇ ವರ್ಣತಂತುವಿನಲ್ಲಿದೆ, ಎಕ್ಸ್‌ನಲ್ಲಿ ಅಲ್ಲ. ಆದ್ದರಿಂದ ದೋಷವಿರುವ ತಂದೆಯಿಂದಾಗಲಿ ತಾಯಿಯಿಂದಾಗಲಿ, ಮಗನಿಗಾಗಲಿ ಮಗಳಿಗಾಗಲಿ, ಅದು ದಾಟುವ ಸಂಭವ ಸರಿಯಾಗಿ ಅರ್ಧ. ವೈದ್ಯರು ವಂಶವೃಕ್ಷ ಬರೆಯುತ್ತಾರೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. "ನಿಮ್ಮ ಮನೆತನದಲ್ಲಿ ಯಾರಿಗಾದರೂ ಇತ್ತೇ?" ಎಂದು ಕೇಳಿದಾಗ ನಮ್ಮವರು ಅಜ್ಜ, ದೊಡ್ಡಪ್ಪ, ಚಿಕ್ಕಪ್ಪಂದಿರನ್ನು ಹೇಳಿ ನಿಲ್ಲಿಸುತ್ತಾರೆ. ಮೂಡಿಗೆರೆಗೆ ಕೊಟ್ಟ ಅತ್ತೆ, ಕಳಸಕ್ಕೆ ಕೊಟ್ಟ ಅಕ್ಕ, ಅವರ ಮಕ್ಕಳು ಬೇರೆ ಮನೆಯವರಾದರಲ್ಲ! ನಿಮ್ಮ ಮನೆಯ ವಂಶವೃಕ್ಷವನ್ನು ಈ ರಜೆಯಲ್ಲಿ ನೀವೇ ಬರೆಯಿರಿ. ವೃತ್ತಗಳನ್ನು ಬಿಡಬೇಡಿ; ಅವುಗಳ ಕೆಳಗೆ ಇಳಿಯುವ ಗೆರೆಗಳನ್ನೂ ಎಳೆಯಿರಿ. ಯಾರು ಎಷ್ಟನೇ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ತೀರಿಕೊಂಡರು ಎಂದು ಪಕ್ಕದಲ್ಲಿ ಬರೆಯಿರಿ. ಅಜ್ಜಿಯಂದಿರಿಗೆ ಇದೆಲ್ಲ ನೆನಪಿರುತ್ತದೆ, ಕೇಳುವವರು ಬೇಕು.